ಅಕ್ವೇರಿಯಂ ನೀರಲ್ಲಿ ಕರೆಂಟ್: ಪೊಳ್ಳು ವೋಲ್ಟೇಜ್ ಯಾವುದು, ನಿಜವಾದ ಸೋರಿಕೆ ಯಾವುದು

ಅಕ್ವೇರಿಯಂ ನೀರಿಗೆ ಟೆಸ್ಟರ್ ತಾಗಿಸಿದರೆ ದೀಪ ಮಿಣುಕುತ್ತದೆ. ಮಲ್ಟಿಮೀಟರ್ ಹಿಡಿದರೆ 60–70 ವೋಲ್ಟ್ ತೋರಿಸುತ್ತದೆ. ಮೀನುಗಳು ಮಾತ್ರ ಏನೂ ಆಗದ ಹಾಗೆ ಓಡಾಡಿಕೊಂಡಿರುತ್ತವೆ. ಹೀಗಾದಾಗ ಕೆಲವರು ಗಾಬರಿಬಿದ್ದು ಫಿಲ್ಟರ್, ಹೀಟರ್ ಎಲ್ಲವನ್ನೂ ಎಸೆದು ಹೊಸದು ತರುತ್ತಾರೆ. ಇನ್ನು ಕೆಲವರು ಮೀನು ಬದುಕಿದೆಯಲ್ಲ ಎಂದು ಸುಮ್ಮನಾಗುತ್ತಾರೆ. ಎರಡನೆಯದು ಹೆಚ್ಚು ಅಪಾಯದ್ದು. ಆ 70 ವೋಲ್ಟ್ ಪೂರ್ತಿ ಪೊಳ್ಳಾಗಿರಬಹುದು, ಬಿರುಕುಬಿಟ್ಟ ಹೀಟರಿನಿಂದ ಬಂದದ್ದೂ ಆಗಿರಬಹುದು. ಬರೀ ಮೀಟರ್ ನೋಡಿ ಇದನ್ನು ಹೇಳಲು ಬರುವುದಿಲ್ಲ. ಕೆಲವೇ ರೂಪಾಯಿಯ ಒಂದು ರೆಸಿಸ್ಟರ್ (ಕರೆಂಟಿಗೆ ಅಡ್ಡಿಯೊಡ್ಡುವ ಪುಟ್ಟ ಬಿಡಿಭಾಗ) ಜೊತೆಗಿದ್ದರೆ ಹೇಳಬಹುದು.

ಮಲೆನಾಡಿನಲ್ಲಿ ಈ ಪ್ರಶ್ನೆ ಮಳೆಗಾಲದಲ್ಲಿ ಜಾಸ್ತಿ ಏಳುತ್ತದೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಜೂನ್ ಕಳೆಯುವಷ್ಟರಲ್ಲಿ ಗೋಡೆ ಬೆವರಲು ಶುರುವಾಗುತ್ತದೆ. ಪ್ಲಗ್ಗಿನ ಹಿತ್ತಾಳೆ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ, ಸ್ವಿಚ್ ಬೋರ್ಡಿನೊಳಗೆ ಇರುವೆ ಗೂಡು ಮಾಡುತ್ತದೆ. ಚಳಿ ಎಂದು ಅಟ್ಟದ ಮೇಲಿದ್ದ ಹಳೇ ಹೀಟರ್ ಕೆಳಗಿಳಿಯುವುದೂ ಆಗಲೇ. ಇದೆಲ್ಲದರ ಮೇಲೆ ಒದ್ದೆ ರೆಡ್ ಆಕ್ಸೈಡ್ ನೆಲ, ಬರಿಗಾಲು.

ಸೋರಿಕೆಯಲ್ಲಿ ಎರಡು ಬಗೆ

ಮೊದಲನೆಯದು ಕೆಪಾಸಿಟರ್ ಬಗೆ. ನೀರಿನೊಳಗಿನ ಪಂಪಿನ ತಾಮ್ರದ ಕಾಯಿಲ್‌ಗೂ ನೀರಿಗೂ ಮಧ್ಯೆ ಎಪಾಕ್ಸಿ ಮತ್ತು ಪ್ಲಾಸ್ಟಿಕ್ ಇರುತ್ತದೆ. ಇನ್ಸುಲೇಷನ್ ಎಷ್ಟೇ ಗಟ್ಟಿಯಾಗಿದ್ದರೂ ಈ ಕಡೆ ಲೋಹ, ಆ ಕಡೆ ನೀರು, ನಡುವೆ ಪ್ಲಾಸ್ಟಿಕ್ ಇದ್ದ ಮೇಲೆ ಅದೊಂದು ಚಿಕ್ಕ ಕೆಪಾಸಿಟರೇ. ಅದರ ಬೆಲೆ 100 ಪಿಕೋಫ್ಯಾರಡ್ ಎಂದಿಟ್ಟುಕೊಳ್ಳಿ. ನಮ್ಮ 50 ಹರ್ಟ್ಸ್ ಕರೆಂಟಿಗೆ ಅದು ಸುಮಾರು 32 ಮೆಗಾಓಮ್ ಅಡ್ಡಿ. 230 ವೋಲ್ಟ್ ಇದ್ದರೂ ಅದರ ಮೂಲಕ ಹರಿಯಬಲ್ಲದ್ದು 7 ಮೈಕ್ರೋಆಂಪ್, ಅಂದರೆ ಒಂದು ಮಿಲಿಆಂಪಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಡಿಜಿಟಲ್ ಮೀಟರಿನ ಒಳಗಿನ ಅಡ್ಡಿಯೇ ಸಾಮಾನ್ಯವಾಗಿ 10 ಮೆಗಾಓಮ್. ಈ ಅತಿಸಣ್ಣ ಕರೆಂಟ್ ಅದರ ಮೂಲಕ ಹಾದಾಗ ಪರದೆಯ ಮೇಲೆ ಸುಮಾರು 69 ವೋಲ್ಟ್ ಮೂಡುತ್ತದೆ. ಮೀಟರ್ ಸುಳ್ಳು ಹೇಳಿಲ್ಲ, ವೋಲ್ಟೇಜ್ ಇದೆ. ಅದರ ಹಿಂದೆ ಬಲವಿಲ್ಲ ಅಷ್ಟೇ. ಟೆಸ್ಟರಿನ ನಿಯಾನ್ ದೀಪಕ್ಕೂ ಇಷ್ಟೇ ಕರೆಂಟ್ ಸಾಕಾಗಿಬಿಡುತ್ತದೆ. ಹಾಗಾಗಿ ಅಕ್ವೇರಿಯಂ ವಿಷಯದಲ್ಲಿ ಟೆಸ್ಟರಿನ ಸಾಕ್ಷ್ಯಕ್ಕೆ ಬೆಲೆಯಿಲ್ಲ.

ಎಲ್‌ಇಡಿ ಲೈಟಿನ ಎರಡು ಪಿನ್ ಅಡಾಪ್ಟರಿನದೂ ಇದೇ ಕಥೆ. ರೇಡಿಯೋ ತೊಂದರೆ ತಡೆಯಲು ಅದರೊಳಗೆ ಬೇಕೆಂದೇ ಒಂದು ಕೆಪಾಸಿಟರ್ ಕೂರಿಸಿರುತ್ತಾರೆ. ಅದು 2.2 ನ್ಯಾನೋಫ್ಯಾರಡ್ ಆದರೆ ಹೆಚ್ಚೆಂದರೆ 0.16 ಮಿಲಿಆಂಪ್ ಬಿಡುತ್ತದೆ. ಲೈಟಿನ ಅಲ್ಯೂಮಿನಿಯಂ ಮೈಯನ್ನು ಒದ್ದೆ ಬೆರಳಿನ ಹಿಂಬದಿಯಿಂದ ಸವರಿದಾಗ ಗರಗರ ಎನ್ನುವುದು ಇದರಿಂದಲೇ. ಕಿರಿಕಿರಿ ಹೌದು, ಪ್ರಾಣಾಪಾಯ ಅಲ್ಲ.

ಎರಡನೆಯದು ನಿಜವಾದ ಸೋರಿಕೆ. ಹೀಟರಿನ ಗಾಜು ಬಿರುಕು ಬಿಟ್ಟಿರುತ್ತದೆ, ಮೇಲಿನ ರಬ್ಬರ್ ಮುಚ್ಚಳ ಗಡುಸಾಗಿ ನೀರು ಒಳಗಿಳಿದಿರುತ್ತದೆ, ಪಂಪಿನ ವೈರ್ ಗಾಜಿನ ಅಂಚಿಗೆ ಉಜ್ಜಿ ಸಿಪ್ಪೆ ಎದ್ದಿರುತ್ತದೆ, ಇಲ್ಲವೇ ಮುಚ್ಚಳದ ಕೆಳಗಿನ ಬಲ್ಬ್ ಹೋಲ್ಡರಿಗೆ ಆವಿ ಕೂತು ಹನಿ ಜಾರಿರುತ್ತದೆ. ಇಲ್ಲಿ ಫೇಸ್‌ಗೂ (ಕರೆಂಟ್ ಬರುವ ತಂತಿಗೂ) ನೀರಿಗೂ ನೇರ ಸಂಪರ್ಕ. ಒದ್ದೆ ಚರ್ಮದ ಮನುಷ್ಯನ ಮೈಯ ಅಡ್ಡಿ ಸುಮಾರು 1000 ಓಮಿಗೆ ಇಳಿದಿರುತ್ತದೆ. ಲೆಕ್ಕಕ್ಕೆ 230 ವೋಲ್ಟಿಗೆ 230 ಮಿಲಿಆಂಪ್. ಅರ್ಧದಿಂದ ಒಂದು ಮಿಲಿಆಂಪಿಗೆ ಜುಮ್ ಎನ್ನುತ್ತದೆ, ಸುಮಾರು 10ಕ್ಕೆ ಹಿಡಿದ ಕೈ ಬಿಡಲಾಗುವುದಿಲ್ಲ, 30 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು.

ಮೀನಿಗೆ ಏನೂ ಆಗದಿರುವುದು ಯಾಕೆ? ಲೈನ್ ಮೇಲೆ ಕೂತ ಕಾಗೆಗೆ ಶಾಕ್ ಹೊಡೆಯದ ಕಾರಣವೇ. ಗಾಜಿನ ತೊಟ್ಟಿಯಿಂದ ಕರೆಂಟಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಇಡೀ ನೀರು ಒಂದೇ ವೋಲ್ಟೇಜಿನಲ್ಲಿರುತ್ತದೆ, ಮೀನಿನ ಮೂಲಕ ಏನೂ ಹರಿಯುವುದಿಲ್ಲ. ದಾರಿ ಮಾಡಿಕೊಡುವುದು ನೆಲದ ಮೇಲೆ ನಿಂತು ಕೈ ಅದ್ದುವ ನೀವು. ಆದ್ದರಿಂದ ಮೀನು ಆರಾಮಾಗಿದೆ ಎಂಬುದು ನೀರು ಸುರಕ್ಷಿತ ಎನ್ನುವುದಕ್ಕೆ ಪುರಾವೆಯೇ ಅಲ್ಲ.

ಅಳೆಯುವುದು ಹೇಗೆ

ಬೇಕಾದದ್ದು: ಎಸಿ ವೋಲ್ಟ್ ಅಳೆಯುವ ಡಿಜಿಟಲ್ ಮಲ್ಟಿಮೀಟರ್, 47 ಕಿಲೋಓಮ್ 2 ವ್ಯಾಟ್ ರೆಸಿಸ್ಟರ್ ಒಂದು, ಎರಡು ಕ್ರೊಕೊಡೈಲ್ ಕ್ಲಿಪ್, ಒಂದು ಸ್ಟೀಲ್ ಚಮಚ. ಕಾಲು ವ್ಯಾಟಿನ ಪುಟ್ಟ ರೆಸಿಸ್ಟರ್ ಬೇಡ. ನಿಜವಾದ ಸೋರಿಕೆ ಇದ್ದರೆ 230 ವೋಲ್ಟಿನಲ್ಲಿ ಅದರ ಮೇಲೆ 1 ವ್ಯಾಟಿಗಿಂತ ಹೆಚ್ಚು ಬೀಳುತ್ತದೆ, ಚಿಕ್ಕದಾದರೆ ಸುಟ್ಟು ಹೊಗೆಯಾಗುತ್ತದೆ.

ಮೊದಲು ತೊಟ್ಟಿಗೆ ಸೇರಿದ ಎಲ್ಲಾ ಪ್ಲಗ್ಗುಗಳನ್ನೂ ಗೋಡೆಯಿಂದ ಕಿತ್ತು ಹೊರಗಿಡಿ. ಸ್ವಿಚ್ ಆರಿಸಿದರೆ ಸಾಲದು. ಹಳೇ ವೈರಿಂಗಿನಲ್ಲಿ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಮೇಲೆ ಕೂತಿರುವುದು ಉಂಟು. ಆಗ ಸ್ವಿಚ್ ಆಫ್ ಆದರೂ ಹೀಟರಿನೊಳಗೆ ಫೇಸ್ ಹಾಗೇ ಇರುತ್ತದೆ. ಚಮಚಕ್ಕೆ ಮೀಟರಿನ ಕೆಂಪು ವೈರ್ ಕಚ್ಚಿಸಿ ನೀರಿಗೆ ಇಳಿಬಿಡಿ. ಬರೀ ಪ್ರೋಬಿನ ಮೊನೆ ಇಟ್ಟರೆ ನಮ್ಮ ಕಡೆಯ ಮೆದು ನೀರಿನಲ್ಲಿ ಸಂಪರ್ಕ ಸರಿಯಾಗಿ ಸಿಗುವುದಿಲ್ಲ, ಅದಕ್ಕೇ ಚಮಚ. ಕಪ್ಪು ವೈರನ್ನು ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ, ಅಂದರೆ ಅರ್ಥಿಂಗಿಗೆ ಕೊಡಿ. ಈಗ ಮೀಟರ್ ಸೊನ್ನೆಯ ಹತ್ತಿರ ಇರಬೇಕು.

ಆಮೇಲೆ ಒಂದೊಂದೇ ಉಪಕರಣವನ್ನು ಹಾಕಿ, ಬರೆದುಕೊಳ್ಳಿ, ಕಿತ್ತು ಇಡಿ. ಪ್ರತಿ ಸಲವೂ ಎರಡು ಅಳತೆ: ಒಂದು ಮೀಟರ್ ಮಾತ್ರ, ಇನ್ನೊಂದು ಕೆಂಪು-ಕಪ್ಪು ವೈರುಗಳ ನಡುವೆ ರೆಸಿಸ್ಟರ್ ಸೇರಿಸಿ. ಕ್ಲಿಪ್ ಹಾಕುವಾಗ, ತೆಗೆಯುವಾಗ ಪ್ಲಗ್ ಹೊರಗಿರಲಿ. ಪ್ಲಗ್ ಹಾಕಿದ ಮೇಲೆ ಚಮಚ, ನೀರು, ಕ್ಲಿಪ್ ಯಾವುದನ್ನೂ ಮುಟ್ಟಬೇಡಿ. ಎರಡು ಪಿನ್ನಿನ ಪ್ಲಗ್ಗಾದರೆ ತಿರುಗಿಸಿ ಹಾಕಿ ಮತ್ತೊಮ್ಮೆ ಅಳೆಯಿರಿ. ಹೀಟರಿನ ವಿಷಯದಲ್ಲಿ ಇದು ಮುಖ್ಯ, ಯಾಕೆಂದರೆ ಅದರ ಥರ್ಮೋಸ್ಟಾಟ್ ಒಂದೇ ತಂತಿಯನ್ನು ಕತ್ತರಿಸುತ್ತದೆ. ಪ್ಲಗ್ ಒಂದು ಕಡೆಗಿದ್ದಾಗ ಸೋರಿಕೆ ಕಾಣದೆ ಇನ್ನೊಂದು ಕಡೆಗೆ ತಿರುಗಿಸಿದಾಗ ಪೂರ್ತಿ ಕಾಣಬಹುದು. ಅಳೆಯುವಾಗ ಹೀಟರ್ ಉರಿಯುತ್ತಿರಬೇಕು, ಇಂಡಿಕೇಟರ್ ಬರುವ ತನಕ ತಾಪಮಾನದ ಗುಂಡಿ ಏರಿಸಿ.

ರೆಸಿಸ್ಟರ್ ಹಾಕಿದಾಗ ಬಂದ ಸಂಖ್ಯೆಯನ್ನು 47ರಿಂದ ಭಾಗಿಸಿದರೆ ಸೋರುವ ಕರೆಂಟ್ ಮಿಲಿಆಂಪಿನಲ್ಲಿ ಸಿಗುತ್ತದೆ. ಮೊದಲು 69 ಇದ್ದದ್ದು ಅರ್ಧ ವೋಲ್ಟಿಗೂ ಕೆಳಗೆ ಕುಸಿದರೆ ಅದು ಕೆಪಾಸಿಟರ್ ಬಗೆಯದು, ಮರೆತುಬಿಡಿ. ಎಲ್‌ಇಡಿ ಅಡಾಪ್ಟರ್ 7–8 ವೋಲ್ಟ್ ತೋರಿಸಬಹುದು. 23 ವೋಲ್ಟ್ ದಾಟಿತೆಂದರೆ ಅರ್ಧ ಮಿಲಿಆಂಪ್ ಆಯಿತು, ಆ ಉಪಕರಣ ಮನೆಯಲ್ಲಿ ಇರಬಾರದು. ರೆಸಿಸ್ಟರ್ ಹಾಕಿದರೂ 150, 200 ಎಂದು ನಿಂತರೆ ಫೇಸ್ ನೀರಿಗೆ ಬಿದ್ದಿದೆ. ಅಂಥ ಹೀಟರಿಗೆ ಎಂ-ಸೀಲ್, ಸಿಲಿಕೋನ್ ಬಳಿದು ರಿಪೇರಿ ಮಾಡುವ ಉಮೇದು ಬೇಡ. ವೈರ್ ಕತ್ತರಿಸಿ ಎಸೆಯಿರಿ. ಕತ್ತರಿಸದಿದ್ದರೆ ಮತ್ಯಾರೋ ತೆಗೆದುಕೊಂಡು ಹೋಗಿ ಹಾಕುತ್ತಾರೆ.

ಅರ್ಥಿಂಗ್ ಇದೆ, ಸಾಕಲ್ಲ?

ಸಾಲದು. ಇದು ಬಹಳ ಜನ ಎಡವುವ ಜಾಗ, ಮಲೆನಾಡಿನಲ್ಲಿ ಇನ್ನೂ ಹೆಚ್ಚು.

ಪೈಪ್ ಅರ್ಥಿಂಗಿಗೆ ಭಾರತೀಯ ಮಾನದಂಡದ ಐಎಸ್ 3043 ಸಂಹಿತೆ ಹೇಳುವುದು ಕನಿಷ್ಠ 2.5 ಮೀಟರ್ ಉದ್ದದ, 38 ಮಿಲಿಮೀಟರಿಗಿಂತ ಕಡಿಮೆಯಿಲ್ಲದ ಒಳವ್ಯಾಸದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ಸುತ್ತ ಇದ್ದಿಲು, ಉಪ್ಪು ತುಂಬುವುದು ನಮ್ಮಲ್ಲಿ ನಡೆದು ಬಂದ ರೂಢಿ. ಆದರೆ ಜಂಬಿಟ್ಟಿಗೆ ನೆಲದಲ್ಲಿ ಎರಡಡಿ ಹೋಗುವಷ್ಟರಲ್ಲಿ ಕಲ್ಲು ಸಿಗುತ್ತದೆ. ಪೈಪು ಅರ್ಧಕ್ಕೆ ನಿಲ್ಲುತ್ತದೆ, ಉಳಿದದ್ದನ್ನು ಕತ್ತರಿಸಿ ಮಣ್ಣು ಮುಚ್ಚುತ್ತಾರೆ. ಗುಡ್ಡದ ಇಳಿಜಾರಿನಲ್ಲಿ ಬಿದ್ದ ಮಳೆ ಉಪ್ಪನ್ನು ಬೇಗ ತೊಳೆದುಕೊಂಡು ಹೋಗುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಅದೇ ನೆಲ ಒಣಗಿ ಗಟ್ಟಿಯಾದಾಗ ಅಡ್ಡಿ ಹಲವು ಪಟ್ಟು ಏರುತ್ತದೆ.

ಅಂಥ ಮನೆಯ ಅರ್ಥಿಂಗ್ 50 ಓಮ್ ಎಂದುಕೊಳ್ಳಿ. ಲೋಹದ ಲೈಟ್ ಮುಚ್ಚಳಕ್ಕೆ ಫೇಸ್ ತಾಗಿತು. 230ನ್ನು 50ರಿಂದ ಭಾಗಿಸಿದರೆ 4.6 ಆಂಪ್. ಬೋರ್ಡಿನಲ್ಲಿರುವ 6 ಆಂಪಿನ ಎಂಸಿಬಿಗೆ (ಮಿತಿ ಮೀರಿ ಕರೆಂಟ್ ಹರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚಿಗೆ) ಇದು ಮಾಮೂಲಿ ಲೋಡು, ಅದು ಬೀಳುವುದೇ ಇಲ್ಲ. ಅರ್ಥಿಂಗ್ ವೈರ್ ಸರಿಯಾಗಿ ಜೋಡಿಸಿದ್ದರೂ ಮುಚ್ಚಳ ಹೆಚ್ಚುಕಡಿಮೆ 230 ವೋಲ್ಟಿನಲ್ಲೇ ಕೂತಿರುತ್ತದೆ. ಅಷ್ಟೇ ಅಲ್ಲ, ಅದೇ ಅರ್ಥಿಂಗಿಗೆ ಸೇರಿದ ಫ್ರಿಜ್ಜು, ವಾಷಿಂಗ್ ಮಷೀನಿನ ಮೈಗೂ ಅದೇ ವೋಲ್ಟೇಜ್ ಹರಡುತ್ತದೆ. ಎಂಸಿಬಿ ಇರುವುದು ವೈರ್ ಸುಡದಂತೆ ನೋಡಿಕೊಳ್ಳಲು, ಮನುಷ್ಯನನ್ನು ಕಾಯಲು ಅಲ್ಲ.

ಕಾಯುವುದು ಆರ್‌ಸಿಸಿಬಿ, ಅಂದರೆ ಸೋರಿಕೆ ಕಂಡರೆ ತಾನಾಗಿ ಬಿದ್ದು ಕರೆಂಟ್ ಕಡಿಯುವ ಸ್ವಿಚ್ಚು. ಫೇಸಿನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿನ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲೋ ಒಂದು ಕಡೆ ಬೀಳಬೇಕು, ಅದೂ 30ರಲ್ಲಿ 0.3 ಸೆಕೆಂಡಿನೊಳಗೆ. ಸೋರಿಕೆ 150 ಮಿಲಿಆಂಪ್ ಇದ್ದರೆ 0.04 ಸೆಕೆಂಡಿನೊಳಗೆ. ಇದರಲ್ಲಿ ಮಲೆನಾಡಿನವರಿಗೆ ಇನ್ನೊಂದು ಅನುಕೂಲವಿದೆ: ಮುಟ್ಟುವ ವೋಲ್ಟೇಜ್ 50 ದಾಟದೆ 30 ಮಿಲಿಆಂಪ್ ಹರಿಯಲು ಅರ್ಥಿಂಗ್ 1600 ಓಮ್ ಇದ್ದರೂ ನಡೆಯುತ್ತದೆ. ಕಲ್ಲು ನೆಲದಲ್ಲಿ 2 ಓಮ್ ತರಿಸಲು ಒದ್ದಾಡುವುದಕ್ಕಿಂತ ಮೊದಲು ಆರ್‌ಸಿಸಿಬಿಗೆ ದುಡ್ಡು ಹಾಕುವುದು ಜಾಣತನ. ಅಂದಮಾತ್ರಕ್ಕೆ ಅರ್ಥಿಂಗ್ ಕೈಬಿಡಿ ಎಂದಲ್ಲ. ಅದಿಲ್ಲದಿದ್ದರೆ ಆರ್‌ಸಿಸಿಬಿ ಬೀಳಲು ನಿಮ್ಮ ಮೈಯ ಮೂಲಕವೇ ಕರೆಂಟ್ ಹರಿಯಬೇಕಾಗುತ್ತದೆ.

ಅಂಗಡಿಯಲ್ಲಿ ಕೇಳುವಾಗ ಮೇಲೆ ಬರೆದದ್ದನ್ನು ಓದಿ. 100 ಮತ್ತು 300 ಮಿಲಿಆಂಪಿನವೂ ನೋಡಲು ಒಂದೇ ಥರ ಇರುತ್ತವೆ. 300ರದ್ದು ಬೆಂಕಿ ತಡೆಯಲು, ಜೀವ ಉಳಿಸಲು ಅಲ್ಲ. ಬೇಕಾದದ್ದು 2 ಪೋಲ್, 25 ಆಂಪ್, 30 ಮಿಲಿಆಂಪ್. ಎಲ್‌ಇಡಿ ಡ್ರೈವರುಗಳು ಹೆಚ್ಚಿರುವುದರಿಂದ 'ಎ' ಟೈಪ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಇಡೀ ಮನೆಗೆ ಒಂದು ಇದ್ದರೂ ತೊಟ್ಟಿಗೆ ಬೇರೆಯದೇ ಚಿಕ್ಕ ಬಾಕ್ಸಿನಲ್ಲಿ ಒಂದನ್ನು ಹಾಕಿಸುವುದು ಮೇಲು. ಬಾವಿ ಪಂಪು, ಗೀಸರ್, ಅಂಗಳದ ಲೈಟು ಇವೆಲ್ಲ ಮಳೆಗಾಲದಲ್ಲಿ ಚೂರುಚೂರು ಸೋರುತ್ತವೆ. ಎಲ್ಲ ಕೂಡಿ 15 ಮಿಲಿಆಂಪ್ ದಾಟಿದರೆ ಮನೆಯ ಆರ್‌ಸಿಸಿಬಿ ಬೀಳಬಹುದು, ಜೊತೆಗೆ ಫಿಲ್ಟರೂ ನಿಲ್ಲುತ್ತದೆ. ಆಗಾಗ ಬೀಳುತ್ತದೆಂದು ಬೇಸತ್ತು ಅದನ್ನು ಬೈಪಾಸ್ ಮಾಡಿಸಿದ ಮನೆಗಳು ಬೇಕಾದಷ್ಟಿವೆ. ಅದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ.

ಜೋಡಿಸುವಾಗ ಒಂದೇ ನಿಯಮ: ತೊಟ್ಟಿಯ ಫೇಸ್, ನ್ಯೂಟ್ರಲ್ ಎರಡೂ ಆರ್‌ಸಿಸಿಬಿ ಮೂಲಕವೇ ಹೋಗಬೇಕು. ಅದರಾಚೆಗಿನ ನ್ಯೂಟ್ರಲ್ ಬೇರೆ ಯಾವ ನ್ಯೂಟ್ರಲ್ ಜೊತೆಗೂ, ಅರ್ಥಿಂಗ್ ಜೊತೆಗೂ ಸೇರಬಾರದು. ತಿಂಗಳಿಗೊಮ್ಮೆ 'ಟಿ' ಬಟನ್ ಒತ್ತಿ ನೋಡಿ. ಆ ಬಟನ್ ಆರ್‌ಸಿಸಿಬಿಯ ಒಳಭಾಗ ಕೆಲಸ ಮಾಡುತ್ತದೆಯೇ ಎಂದಷ್ಟೇ ಹೇಳುತ್ತದೆ. ಅರ್ಥಿಂಗ್ ಪೈಪು ತುಕ್ಕು ಹಿಡಿದು ತುಂಡಾಗಿದ್ದರೂ ಬಟನ್ ಒತ್ತಿದಾಗ ಅದು ಬೀಳುತ್ತದೆ.

ಅರ್ಥಿಂಗೇ ಇಲ್ಲದ ಹಳೇ ಹಂಚಿನ ಮನೆಗಳಲ್ಲಿ ಮರದ ಪಟ್ಟಿಯ ವೈರಿಂಗಿಗೆ ಮೂರು ಪಿನ್ ಸಾಕೆಟ್ ಕೂರಿಸಿ, ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ತೆಗೆದು ಮೇಲಿನ ಅರ್ಥಿಂಗ್ ಪಿನ್ನಿಗೆ ಕೊಟ್ಟಿರುವುದನ್ನು ಕಾಣಬಹುದು. ಗಾಳಿಮಳೆಗೆ ಮರ ಬಿದ್ದು ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಆ ಪಿನ್ನಿಗೆ ಸೇರಿದ ಎಲ್ಲ ಲೋಹಕ್ಕೂ 230 ವೋಲ್ಟ್ ಬರುತ್ತದೆ. ಸಾಕೆಟ್ ಬಿಚ್ಚಿ ನೋಡಿದಾಗ ಇಂಥ ತುಂಡು ಕಂಡರೆ ಮೊದಲು ಅದನ್ನು ತೆಗೆಸಿ, ಉಳಿದ ಮಾತು ಆಮೇಲೆ.

ನೀರಿಗೆ ಅರ್ಥಿಂಗ್ ಪ್ರೋಬ್

ನೀರಿನೊಳಗೆ ಒಂದು ಲೋಹದ ಕಡ್ಡಿ ಇಳಿಬಿಟ್ಟು ಅರ್ಥಿಂಗಿಗೆ ಜೋಡಿಸುವ ಪದ್ಧತಿಯ ಬಗ್ಗೆ ಹವ್ಯಾಸಿಗಳಲ್ಲಿ ಜಗಳವೇ ಇದೆ. ಹಾಕಲೇಬೇಕು ಎನ್ನುವವರು, ಬೇಡವೇ ಬೇಡ ಎನ್ನುವವರು, ಇಬ್ಬರ ಮಾತೂ ಅರ್ಧ ಸರಿ. ಆರ್‌ಸಿಸಿಬಿ ಇದ್ದಾಗ ಪ್ರೋಬ್ ಒಳ್ಳೆಯದು, ಯಾಕೆಂದರೆ ರಾತ್ರಿ ಹೀಟರ್ ಒಡೆದರೆ ಆ ಕ್ಷಣವೇ ಕರೆಂಟಿಗೆ ದಾರಿ ಸಿಕ್ಕಿ ಆರ್‌ಸಿಸಿಬಿ ಬೀಳುತ್ತದೆ. ಬೆಳಿಗ್ಗೆ ನಿಮ್ಮ ಕೈ ಬರುವ ತನಕ ಕಾಯುವುದಿಲ್ಲ. ಆರ್‌ಸಿಸಿಬಿ ಇಲ್ಲದೆ ಪ್ರೋಬ್ ಮಾತ್ರ ಹಾಕುವುದು ಅಪಾಯ. ಸೋರಿಕೆ ನಿಲ್ಲದೆ ಹರಿಯುತ್ತಲೇ ಇರುತ್ತದೆ, ಅದೂ ಈಗ ನೀರಿನ ಮೂಲಕ, ಮೀನುಗಳ ಪಕ್ಕದಿಂದಲೇ. ಬೆಕ್ಕುಮೀನಿನ ಜಾತಿಯವಕ್ಕೆ ವಿದ್ಯುತ್ ಗ್ರಹಿಸುವ ಅಂಗವೇ ಇರುವುದರಿಂದ ಅವು ಮೂಲೆಗೆ ಸರಿದು ಕೂರುವುದು ಇಂಥ ಕಡೆ. ಜೊತೆಗೆ ಒಂದು ಕೈ ಅರ್ಥ್ ಆದ ನೀರಿನಲ್ಲಿ, ಇನ್ನೊಂದು ಕೈ ಕೆಟ್ಟ ಲೈಟ್ ಮುಚ್ಚಳದ ಮೇಲೆ ಇದ್ದರೆ ಎದೆಯ ಮೂಲಕವೇ ದಾರಿ. ಹಾಗಾಗಿ ಕ್ರಮ ಹೀಗೆ: ಮೊದಲು ಆರ್‌ಸಿಸಿಬಿ, ಆಮೇಲೆ ಲೋಹದ ಮುಚ್ಚಳ ಮತ್ತು ಕಬ್ಬಿಣದ ಸ್ಟ್ಯಾಂಡಿಗೆ ಅರ್ಥಿಂಗ್, ಕೊನೆಗೆ ಪ್ರೋಬ್.

ಪ್ರೋಬಿಗೆ ಟೈಟಾನಿಯಂ ಉತ್ತಮ. ಸಿಹಿನೀರಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಯೂ ನಡೆಯುತ್ತದೆ. ತಾಮ್ರ ಖಂಡಿತ ಬೇಡ, ಸಿಗಡಿ ಮತ್ತು ಬಸವನಹುಳುಗಳನ್ನು ಮೊದಲು ಕೊಲ್ಲುತ್ತದೆ. ಜಿಐ ತಂತಿಯೂ ಬೇಡ, ಸತು ಬಿಡುತ್ತದೆ. 1.5 ಚದರ ಮಿಲಿಮೀಟರಿನ ಹಸಿರು ವೈರನ್ನು ನೀರಿನಿಂದ ಮೇಲೆ ಕಡ್ಡಿಗೆ ಸೇರಿಸಿ, ಜೋಡಣೆಗೆ ಹೀಟ್ ಶ್ರಿಂಕ್ ಹಾಕಿ. ಇನ್ನೊಂದು ತುದಿ ಮೂರು ಪಿನ್ ಪ್ಲಗ್ಗಿನ ದಪ್ಪ ಪಿನ್ನಿಗೆ ಮಾತ್ರ, ಉಳಿದೆರಡು ಖಾಲಿ. ಅದೇ ಆರ್‌ಸಿಸಿಬಿಯ ಬೋರ್ಡಿಗೇ ಚುಚ್ಚಿ.

ಮಲೆನಾಡಿನ ಮೆದು ನೀರಿನಲ್ಲಿ ಇಲ್ಲೊಂದು ತೊಡಕು. ನೀರಿನಲ್ಲಿ ಲವಣ ಕಡಿಮೆಯಿದ್ದಷ್ಟೂ ಅದರ ಅಡ್ಡಿ ಜಾಸ್ತಿ. ಗಾಜಿನಲ್ಲಿ ಕೂದಲೆಳೆಯ ಬಿರುಕು ಬಿದ್ದರೆ ಸೋರುವುದು 10 ಮಿಲಿಆಂಪಿನ ಆಸುಪಾಸಿನಲ್ಲೇ ಉಳಿಯಬಹುದು. ಆಗ 30ರ ಆರ್‌ಸಿಸಿಬಿ ಬೀಳುವುದಿಲ್ಲ, ಕೈ ಮಾತ್ರ ಹಿಡಿದುಕೊಳ್ಳುತ್ತದೆ. ಪ್ರೋಬನ್ನು ಹೀಟರಿನ ಹತ್ತಿರ, ಹೆಚ್ಚು ಉದ್ದ ಮುಳುಗುವಂತೆ ಇಟ್ಟರೆ ಸ್ವಲ್ಪ ಅನುಕೂಲ. 10 ಮಿಲಿಆಂಪಿನ ಆರ್‌ಸಿಸಿಬಿ ಸಿಕ್ಕರೆ ತೊಟ್ಟಿಗೆ ಅದು ಇನ್ನೂ ಒಳ್ಳೆಯದು. ಏನೇ ಇದ್ದರೂ ಪ್ಲಗ್ ಕೀಳದೆ ಕೈ ಹಾಕಬಾರದು. ಉಪ್ಪುನೀರಿನ ತೊಟ್ಟಿಯಲ್ಲಿ ಈ ತೊಡಕಿಲ್ಲ, ಬದಲಿಗೆ ಅಲ್ಲಿ ಉಪ್ಪು ವೈರ್ ಹಿಡಿದುಕೊಂಡು ಬೋರ್ಡಿನ ತನಕ ತೆವಳುತ್ತದೆ.

ಹೀಟರ್ ಒಡೆಯುವುದು ಬಹುತೇಕ ನೀರು ಬದಲಿಸುವಾಗ. ಬಿಸಿ ಗಾಜು ನೀರಿನಿಂದ ಹೊರಬಂದು, ಮತ್ತೆ ತಣ್ಣೀರು ತಾಗಿದಾಗ. ಪ್ಲಗ್ ಕಿತ್ತು ಕಾಲು ಗಂಟೆ ಬಿಟ್ಟು ನೀರು ತೆಗೆಯಿರಿ. ನೂರು ಲೀಟರಿಗೆ ನೂರು ವ್ಯಾಟ್ ಸಾಕು. ರಬ್ಬರ್ ಮುಚ್ಚಳ ಗಡುಸಾದ ಹೀಟರನ್ನು ಚೆನ್ನಾಗೇ ಬಿಸಿಯಾಗುತ್ತದೆ ಎಂದು ಇಟ್ಟುಕೊಳ್ಳಬೇಡಿ.

ವೈರುಗಳು ಸಾಕೆಟ್ಟಿಗಿಂತ ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೆ ಹೋಗಲಿ, ಜಾರುವ ಹನಿ ಅಲ್ಲೇ ನೆಲಕ್ಕೆ ಬೀಳುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ಸ್ಟ್ಯಾಂಡಿನ ಕೆಳಗೆ ಬೇಡ, ಪಕ್ಕದ ಗೋಡೆಗೆ ನೀರಿನ ಮಟ್ಟಕ್ಕಿಂತ ಮೇಲೆ ತೂಗುಹಾಕಿ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೇ ಇಳಿಯುತ್ತದೆ. ಮಳೆಗಾಲದಲ್ಲಿ ಕರೆಂಟ್ ದಿನಕ್ಕೆಷ್ಟು ಸಲ ಹೋಗುತ್ತದೆಂದು ಲೆಕ್ಕವಿಡದ ಊರುಗಳಲ್ಲಿ ಒಂದು ಚೆಕ್ ವಾಲ್ವ್ ಹಾಕದಿರುವುದು ಉಡಾಫೆ.

ಯಾರಿಗಾದರೂ ಶಾಕ್ ಹೊಡೆದು ಕೈ ಅಂಟಿಕೊಂಡಿದ್ದರೆ ಮೊದಲು ಮೇನ್ ಆರಿಸಿ. ಅದು ದೂರವಿದ್ದರೆ ಒಣ ಮರದ ಕೋಲಿನಿಂದ ಕೈ ಬಿಡಿಸಿ, ಬರಿಗೈಯಲ್ಲಿ ಎಳೆಯಬೇಡಿ. ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ತೊಟ್ಟಿಗೆ ಇನ್ವರ್ಟರಿನಿಂದ ಕರೆಂಟ್ ಕೊಟ್ಟಿದ್ದರೆ ಅದರ ಆರ್‌ಸಿಸಿಬಿ ಇನ್ವರ್ಟರಿನ ನಂತರ ಬರಬೇಕು. ಕೆಲವು ಇನ್ವರ್ಟರುಗಳು ಬ್ಯಾಟರಿಗೆ ಬದಲಾದಾಗ ಲೈನಿನ ನ್ಯೂಟ್ರಲ್ ಬಿಟ್ಟುಬಿಡುತ್ತವೆ. ಆಗ ಸೋರಿದ ಕರೆಂಟಿಗೆ ಭೂಮಿಯ ಮೂಲಕ ವಾಪಸ್ ಹೋಗಲು ದಾರಿಯಿಲ್ಲ, ಪ್ರೋಬೂ ಆರ್‌ಸಿಸಿಬಿಯೂ ಸುಮ್ಮನಿರುತ್ತವೆ. ಮುಖ್ಯ ಕರೆಂಟ್ ಬಂದ ಕೂಡಲೇ ಆರ್‌ಸಿಸಿಬಿ ಬಿತ್ತೆಂದರೆ ಕರೆಂಟ್ ಇಲ್ಲದಿದ್ದಾಗಲೇ ಏನೋ ಕೆಟ್ಟಿರಬಹುದು. ಸುಮ್ಮನೆ ಮತ್ತೆ ಎತ್ತಬೇಡಿ. ಎಲ್ಲ ಪ್ಲಗ್ ಕಿತ್ತು ಆರ್‌ಸಿಸಿಬಿ ಎತ್ತಿ, ಒಂದೊಂದೇ ಹಾಕುತ್ತಾ ಬನ್ನಿ, ಯಾವುದಕ್ಕೆ ಬೀಳುತ್ತದೋ ಅದೇ ಕಳ್ಳ. ಹೀಟರನ್ನು ಇನ್ವರ್ಟರಿಗೆ ಕೊಡಬೇಡಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಪಂಪುಗಳು ಗುಂಯ್‌ಗುಡುತ್ತಾ ಬಿಸಿಯಾಗುತ್ತವೆ, ಅವನ್ನೂ ಕೊಡದಿರುವುದೇ ಒಳ್ಳೆಯದು. ಆರ್‌ಸಿಸಿಬಿ ನಡುರಾತ್ರಿ ಬಿದ್ದರೂ ಬೆಳಗಿನ ತನಕ ಮೀನಿಗೆ ಉಸಿರು ಬೇಕಲ್ಲ, ಅದಕ್ಕೆ ಬ್ಯಾಟರಿಯಲ್ಲಿ ಓಡುವ ಪುಟ್ಟ ಏರ್ ಪಂಪ್ ಒಂದು ಇರಲಿ. ಕರೆಂಟ್ ಹೋದೊಡನೆ ತಾನಾಗಿ ಶುರುವಾಗುವ ಮಾದರಿಯಾದರೆ, ಅದರ ಚಾರ್ಜರನ್ನು ತೊಟ್ಟಿಯ ಆರ್‌ಸಿಸಿಬಿಯ ಬೋರ್ಡಿಗೇ ಹಾಕಿ. ಬೇರೆ ಬೋರ್ಡಿನಲ್ಲಿದ್ದರೆ ಆರ್‌ಸಿಸಿಬಿ ಬಿದ್ದದ್ದು ಅದಕ್ಕೆ ಗೊತ್ತಾಗುವುದಿಲ್ಲ.